ಇರುವೆ ಹತ್ತದ ಹಲಗೆ

ಮರದ ಸಂಶೋಧನೆ ನಡೆಸುವ ದಾರುವಿಜ್ಞಾನ ಕೇಂದ್ರದ ಮೀಟಿಂಗ್ ಹಾಲಿನಲ್ಲಿ ತಿಮ್ಮಾಜಮ್ಮನಿಗೆಂದೇ ಒಂದು ಕುರ್ಚಿ ಹಾಕಿದ್ದರು. ಅದರ ಎದುರಿಗೆ ‘ಬಳಕೆದಾರರ ಪ್ರತಿನಿಧಿ’ ಎಂದು ಅಚ್ಚು ಹಾಕಿದ ಚೀಟಿ. ಯೋಜನೆಯ ನಿಯಮದಲ್ಲಿ ‘ಪ್ರತಿ ಸಭೆಗೂ ಒಬ್ಬ ರೇಷ್ಮೆ ಬೆಳೆಗಾರರು ಹಾಜರಿರತಕ್ಕದ್ದು’ ಎಂದಿತ್ತು. ಬಾಯಿ ತೆರೆಯತಕ್ಕದ್ದು ಎಂದೇನೂ ಇರಲಿಲ್ಲ. ಹಾಗಾಗಿ ಕನಕಪುರದಾಚೆಯ ತೊರೆದೊಡ್ಡಿಯಿಂದ ಎರಡು ಬಸ್ಸು ಬದಲಾಯಿಸಿ ಬೆಂಗಳೂರಿಗೆ ಬಂದ ಹೆಂಗಸಿಗೆ ಕಾಫಿ ಕೊಟ್ಟರು, ಬಿಸ್ಕತ್ತು ಕೊಟ್ಟರು, ಫೋಟೊ ತೆಗೆದರು. ಪ್ರಶ್ನೆ ಮಾತ್ರ ಒಬ್ಬರೂ ಕೇಳಲಿಲ್ಲ.

ತಿಮ್ಮಾಜಮ್ಮನಿಗೂ ಅವರ ಮೇಲೆ ಅಂಥಾ ಭಕ್ತಿಯೇನೂ ಉಕ್ಕಲಿಲ್ಲ. ಮೂವತ್ತೆರಡು ವರ್ಷ ಹುಳ ಸಾಕಿದವಳು, ಒಂದು ಬೆಳೆಯನ್ನೂ ಕೈಬಿಟ್ಟವಳಲ್ಲ. ತೊರೆದೊಡ್ಡಿಯಲ್ಲಿ ಯಾರ ಮನೆಯ ಹುಳ ಮಂಕಾದರೂ ಮೊದಲು ಓಡಿಬರುತ್ತಿದ್ದುದು ಅವಳ ಬಾಗಿಲಿಗೆ. ಸಾಲಾಗಿ ಕೂತಿದ್ದ ಹದಿನೈದು ಮುಖಗಳನ್ನು ಒಂದೊಂದಾಗಿ ನೋಡಿದಳು. ಹುಳಕ್ಕೆ ಒಂದು ಹಿಡಿ ಸೊಪ್ಪು ಹಾಕಿದ ಮುಖ ಅದರಲ್ಲಿ ಒಂದೂ ಇರಲಿಲ್ಲ. ಅಯ್ಯೋ, ಇವರು ನಮ್ಮ ಹುಳ ಉದ್ಧಾರ ಮಾಡೋರಾ ಅಂದುಕೊಂಡು ಇನ್ನೊಂದು ಬಿಸ್ಕತ್ತು ತಗೊಂಡಳು.

ಆದರೂ ಕೇಂದ್ರದ ನಿರ್ದೇಶಕ ಡಾಕ್ಟರ್ ನಿರಂಜನಮೂರ್ತಿ ಎದ್ದುನಿಂತು ತೋರಿಸಿದ ವಸ್ತುವನ್ನು ನೋಡಿದಾಗ ಅವಳ ಕೈ ಅರ್ಧದಲ್ಲೇ ನಿಂತಿತು. ಅಂಗೈ ಅಗಲದ ಹಲಗೆ. ಒಂದು ಮೈ ಮರ, ಇನ್ನೊಂದು ಮೈ ಬಿಳಿ ಪ್ಲಾಸ್ಟಿಕ್ಕು. ಅವರು ಅದನ್ನು ಬಿಸಿ ಕಾಫಿ ಲೋಟದ ಮೇಲೆ ಹಿಡಿದರು. ಹಬೆ ತಾಗುತ್ತಲೇ ಹಲಗೆ ತನ್ನಷ್ಟಕ್ಕೆ ತಾನೇ ಬಗ್ಗತೊಡಗಿತು. ಲೋಟದಿಂದ ತೆಗೆದು ಫ್ಯಾನಿನ ಕೆಳಗೆ ಹಿಡಿದರೆ ಮತ್ತೆ ನೆಟ್ಟಗಾಯಿತು. ತಂತಿ ಇಲ್ಲ, ಬ್ಯಾಟರಿ ಇಲ್ಲ.

ನಿರಂಜನಮೂರ್ತಿ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ವಿವರಿಸಿದರು. ತಿಮ್ಮಾಜಮ್ಮನಿಗೆ ಅದು ಎರಡು ನಿಮಿಷದಲ್ಲಿ ತಿಳಿದಿತ್ತು. ಮಳೆಗಾಲದಲ್ಲಿ ಬಚ್ಚಲುಮನೆ ಬಾಗಿಲು ಉಬ್ಬಿ ಹಾಕೋಕೆ ಬರೋಲ್ಲವಲ್ಲ, ಅಷ್ಟೇ. ಮರ ತೇವ ಕುಡಿದರೆ ಅಗಲವಾಗುತ್ತದೆ, ಪ್ಲಾಸ್ಟಿಕ್ಕು ಆಗುವುದಿಲ್ಲ. ಸಿಲ್ವರ್ ಓಕ್ ದಿಮ್ಮಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಸುಲಿದು, ಪದರದ ಮೇಲೆ ಪದರ ಅಂಟಿಸಿ, ಅದರ ಬೆನ್ನಿಗೆ ಯಂತ್ರದಲ್ಲಿ ಪ್ಲಾಸ್ಟಿಕ್ ಗೆರೆಗಳನ್ನು ಮುದ್ರಿಸಿದರೆ ಎರಡಕ್ಕೂ ಜಗಳ ಹತ್ತುತ್ತದೆ. ಮರ ಹಿಗ್ಗುತ್ತೇನೆ ಅನ್ನುತ್ತದೆ, ಪ್ಲಾಸ್ಟಿಕ್ಕು ಬಿಡೋಲ್ಲ ಅನ್ನುತ್ತದೆ. ಆ ಜಗಳದಲ್ಲಿ ಹಲಗೆ ಬಗ್ಗುತ್ತದೆ. ಹುಳದ ಮನೆಯ ಗೋಡೆಗೆ ಇಂಥ ಹಲಗೆಗಳನ್ನು ಸಾಲಾಗಿ ಜೋಡಿಸಿದರೆ ಒಳಗೆ ತೇವ ಹೆಚ್ಚಾದಾಗ ತಾವೇ ತೆರೆದುಕೊಳ್ಳುತ್ತವೆ, ಒಣಗಿದಾಗ ತಾವೇ ಮುಚ್ಚಿಕೊಳ್ಳುತ್ತವೆ. ಹೆಸರು ಉಸಿರುಹಲಗೆ.

ಅದು ಬೇಕಾಗಿಯೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಕನಕಪುರದ ಬಿಸಿಲು ನಲವತ್ತೊಂದು ಡಿಗ್ರಿ ಮುಟ್ಟಿದ ಕಾಲ ಅದು. ಹಗಲು ಕರೆಂಟು ಇರುತ್ತಿರಲಿಲ್ಲ. ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಹೆಂಗಸರ ಸೊಂಟ ಬಿದ್ದುಹೋಗಿತ್ತು.

ಸಭೆ ಮುಗಿಯುವಾಗ ಒಂದು ಕಾಗದ ತಂದಿಟ್ಟರು. ‘ಪರಿಶೀಲಿಸಿದ್ದೇನೆ, ತೃಪ್ತಿಕರವಾಗಿದೆ.’ ಕೆಳಗೆ ಸಹಿಗೆ ಜಾಗ. ತಿಮ್ಮಾಜಮ್ಮ ಪರಿಶೀಲಿಸಿದ್ದು ಬಿಸ್ಕತ್ತು ಮತ್ತು ಒಂದು ಲೋಟ ಹಬೆ. ಆದರೆ ಹದಿನೈದು ಜನ ಓದಿದವರು ಅವಳ ಪೆನ್ನನ್ನೇ ನೋಡುತ್ತಿದ್ದರು. ಅವರನ್ನು ಮೂರು ಕಾಸಿಗೆ ಕೊಳ್ಳದವಳಿಗೂ ಆ ನೋಟ ಹಿತವಾಗಿಯೇ ಇತ್ತು. ದುಂಡಗೆ ಸಹಿ ಹಾಕಿದಳು.

ಮೊದಲು ತೊರೆದೊಡ್ಡಿಯ ಹತ್ತು ಮನೆಗೆ ಹಲಗೆ ಕೂರಿಸಿದರು. ಅವು ಗೆದ್ದರೆ ಮುಂದಿನ ವರ್ಷದಿಂದ ತಾಲ್ಲೂಕಿಗೆಲ್ಲ ಕಡ್ಡಾಯ. ಹಲಗೆ ಇಲ್ಲದ ಮನೆಗೆ ಚಾಕಿ ಕೇಂದ್ರದವರು ಮರಿಹುಳವನ್ನೇ ಕೊಡುವುದಿಲ್ಲ ಎಂದು ಆದೇಶ ಸಿದ್ಧವಾಗಿತ್ತು. ತಿಮ್ಮಾಜಮ್ಮ ಪ್ರತಿ ಶನಿವಾರ ವರದಿ ಬರೆದು, ಸಹಿ ಹಾಕಿ, ಫೋಟೊ ತೆಗೆದು ಫೋನಿನಲ್ಲಿ ಕಳಿಸಬೇಕು.

ಹಲಗೆಗಳು ಕೆಲಸ ಮಾಡಿದವು, ಅದೂ ಎಂಥ ಸೊಗಸಾಗಿ! ಬೆಳಗ್ಗೆ ಹಸಿ ಸೊಪ್ಪು ಹಾಕಿ ಅರ್ಧ ಗಂಟೆಯಾಗುವಷ್ಟರಲ್ಲಿ ಗೋಡೆಯ ಉದ್ದಕ್ಕೂ ಹಲಗೆಗಳು ಸಣ್ಣಗೆ ಕಿರುಗುಟ್ಟಿಕೊಂಡು ತುಟಿ ಬಿಚ್ಚುತ್ತಿದ್ದವು. ಮಧ್ಯಾಹ್ನದ ಒಣಗಾಳಿಗೆ ಮುಚ್ಚಿಕೊಳ್ಳುತ್ತಿದ್ದವು. ಅವಳ ಗಂಡ ಚಲುವೇಗೌಡ ಕಟ್ಟೆಯ ಮೇಲೆ ಕೂತು ನೋಡಿ ನೋಡಿ, “ನೀನು ಹೇಳ್ದಂಗೆ ಕೇಳೋ ವಸ್ತು ಈ ಮನೇಲಿ ನಾನೊಬ್ಬನೇ ಅಂದ್ಕಂಡಿದ್ದೆ ಕಣೆ, ಇನ್ನೊಂದು ಬಂತು,” ಅಂದ.

“ನೀನ್ ಯಾವತ್ತು ಕೇಳಿದ್ದಿಯೆ, ಸುಮ್ಕಿರು,” ಅಂದಳು. ಒಳಗೊಳಗೇ ಹಿಗ್ಗಿದ್ದಳು. ಇನ್ನೂ ಒಂದು ಲಾಭ ಕಂಡಿತ್ತು ಅವಳಿಗೆ. ಹುಳದ ಮನೆಗೆ ಇರುವೆ ಎಂದರೆ ಯಮ. ಒಂದು ಸಾಲು ಹತ್ತಿತೆಂದರೆ ಒಂದು ತಟ್ಟೆ ಹುಳ ಖಾಲಿ. ಅದಕ್ಕೇ ತಟ್ಟೆ ಇಡುವ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸುವುದು. ಹಲಗೆ ಬಂದ ಮೇಲೆ ಒಂದು ಇರುವೆಯ ಸುಳಿವೂ ಇರಲಿಲ್ಲ. ಶನಿವಾರದ ವರದಿಯಲ್ಲಿ ಅಕ್ಷರ ದಪ್ಪ ಮಾಡಿ ಬರೆದಳು: ‘ಇರುವೆ ಕಾಟ ಪೂರ್ತಿ ತಪ್ಪಿದೆ.’ ಬರೆಯುವಾಗ ಕೈ ತಡವರಿಸಲಿಲ್ಲ. ಇರುವೆ ಯಾಕೆ ಬರುತ್ತಿಲ್ಲ ಎಂದು ಮೂವತ್ತೆರಡು ವರ್ಷ ಹುಳ ಸಾಕಿದವಳು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಮೊದಲು ಹುಳ ಸತ್ತದ್ದು ಸಾವಂದಮ್ಮನ ಮನೆಯಲ್ಲಿ. ಸಾವಂದಮ್ಮ ಹಿಂದಿನ ಬೀದಿಯವಳು. ಚಿಕ್ಕ ಹುಳದ ಮನೆ, ತಗ್ಗು ಮಾಡು, ಹಲಗೆಗೂ ತಟ್ಟೆಗೂ ಮೊಳದ ಅಂತರ. ಅವಳ ಹುಳ ತಿಮ್ಮಾಜಮ್ಮನವಕ್ಕಿಂತ ಎಂಟು ದಿನ ಮುಂದಿದ್ದವು. ಮುಂಗಾರು ಹಿಡಿದ ವಾರ ಹಲಗೆಗಳು ಬಿಡುವಿಲ್ಲದೆ ತೆರೆದು ಮುಚ್ಚಿ ಆಡುತ್ತಿದ್ದಾಗ, ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿಂದಿತ್ತ ಆಡಿಸತೊಡಗಿದವು, ಬಾಯಿಂದ ಹಸಿರು ನೀರು ಕಾರಿದವು, ಸಂಜೆಯ ಹೊತ್ತಿಗೆ ಮೈ ಕುಗ್ಗಿ ಗಿಡ್ಡವಾಗಿ ತಟ್ಟೆ ತುಂಬ ಬಿದ್ದವು.

ಮಾರನೇ ಬೆಳಗ್ಗೆ ಹಾಲಿನ ಡೇರಿ ಮುಂದೆ ಕ್ಯಾನು ಹಿಡಿದು ಅರ್ಧ ಊರು ನಿಂತಿತ್ತು. ಸಾವಂದಮ್ಮ ಅಳುತ್ತಾ, “ಅಕ್ಕಾ, ಆ ಹಲಗೆ ಬಂದ ಮೇಲೇ ಹಿಂಗಾಗಿದ್ದು ಕಣಕ್ಕಾ, ನೀನೊಂದ್ಸಲ ಬಂದು ನೋಡು,” ಎಂದಳು.

ಹೋಗಿ ನೋಡಿದ್ದರೆ ಕತೆಯೇ ಬೇರೆಯಾಗುತ್ತಿತ್ತು. ತಿಮ್ಮಾಜಮ್ಮ ಹೋಗಲಿಲ್ಲ. ಹಲಗೆಗೆ ಸಹಿ ಹಾಕಿದವಳು ಅವಳು.

“ಕುಣಿಯಾಕ್ ಬರದೋಳು ನೆಲ ಡೊಂಕು ಅಂದ್ಲಂತೆ,” ಅಂದಳು, ಎಲ್ಲರಿಗೂ ಕೇಳುವ ಹಾಗೆ. “ಹುಳದ ಮನೆಗೆ ಹೋಗೋಕ್ ಮುಂಚೆ ಕೈಕಾಲು ತೊಳ್ಯೋದು ನಿಮ್ಮವ್ವ ಕಲಿಸ್ಲಿಲ್ವಾ? ಹೊರಗಾಗಿದ್ದಾಗ್ಲೂ ಒಳಗೆ ಹೋಗಿದ್ದೀಯ, ಇನ್ನೇನ್ ಆಗ್ತದೆ. ಹೊಲಸು ಕೈಗೆ ಹುಳ ಒಲಿಯಲ್ಲ ಕಣೆ.”

ಯಾರೋ ಕಿಸಕ್ಕೆಂದರು. ಸಾವಂದಮ್ಮ ಹಾಲು ಹಾಕದೆಯೇ ಮನೆಗೆ ಹೋದಳು. ತಿಮ್ಮಾಜಮ್ಮ ಆ ಶನಿವಾರದ ವರದಿಯಲ್ಲಿ ಅದನ್ನೂ ಬರೆದಳು.

ಮುಂದಿನ ವಾರ ಅವಳ ಮನೆಯ ಹುಳ ತಲೆ ಎತ್ತಿದವು.

ಬೆಳಗ್ಗೆ ಹತ್ತಕ್ಕೆ ಒಂದು ತಟ್ಟೆ. ಮಧ್ಯಾಹ್ನಕ್ಕೆ ಸ್ಟ್ಯಾಂಡು ಪೂರ್ತಿ. ತಿಮ್ಮಾಜಮ್ಮ ಸುಣ್ಣದ ಪುಡಿ ಎರಚಿದಳು, ಸೊಪ್ಪು ಬದಲಿಸಿದಳು, ಹುಳವನ್ನು ಅಂಗೈಯಲ್ಲಿಟ್ಟುಕೊಂಡು ಊದಿದಳು. ಅವು ಅವಳ ಬೆರಳ ಮೇಲೇ ಹಸಿರು ಕಾರಿಕೊಂಡು ಸತ್ತವು. ಹತ್ತರಲ್ಲಿ ಆರು ಮನೆಯಲ್ಲಿ ಅದೇ ಕತೆ. ಆ ಮನೆಗಳ ಯಜಮಾನಿಯರೆಲ್ಲ ಅವಳ ಮಾತು ಕೇಳಿ ಹಲಗೆ ಹಾಕಿಸಿಕೊಂಡವರು. ಯಾರೂ ಬಂದು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸತ್ತ ಹುಳಗಳನ್ನು ಊಟದ ಡಬ್ಬಿಗೆ ತುಂಬಿಕೊಂಡು ಅವಳು ಬೆಂಗಳೂರಿಗೆ ಹೋದಳು. ನಿರಂಜನಮೂರ್ತಿ ಡಬ್ಬಿಯೊಳಗೆ ಇಣುಕಿ ಮೂಗಿಗೆ ಕರವಸ್ತ್ರ ಹಿಡಿದರು.

“ನೋಡೀಮ್ಮಾ, ಹಲಗೆ ಹತ್ತು ಸಾವಿರ ಸಲ ತೆರೆದು ಮುಚ್ಚಿ ಪಾಸಾಗಿದೆ. ತೇವಾಂಶ ಸರಿಯಾಗಿದೆ, ಉಷ್ಣಾಂಶ ಸರಿಯಾಗಿದೆ. ಹುಳ ಸತ್ತರೆ ಅದು ನಿಮ್ಮ ಕಡೆಯ ಶುಚಿತ್ವದ ಪ್ರಶ್ನೆ.”

“ಹತ್ತು ಸಾವಿರ ಸಲದಲ್ಲಿ ಒಂದ್ಸಲನಾದ್ರೂ ಹತ್ರ ಒಂದು ಹುಳ ಇಟ್ಟಿದ್ರಾ ಸಾರ್?”

“ಇದು ಮರದ ಪ್ರಯೋಗಾಲಯ,” ಅಂದರು ಅವರು, ದಡ್ಡ ಪ್ರಶ್ನೆಗೆ ಉತ್ತರ ಕೊಡುವವರ ತಾಳ್ಮೆಯಿಂದ.

ಹೊರಗೆ ಬಂದವಳಿಗೆ ದಾರಿ ತಪ್ಪಿ ಅಂಟು ಬೆರೆಸುವ ಶೆಡ್ಡು ಸಿಕ್ಕಿತು. ಅಲ್ಲಿ ಇನಾಯತ್ ಎಂಬ ನರೆತ ಗಡ್ಡದ ಮನುಷ್ಯ ಡ್ರಮ್ಮಿನಲ್ಲಿ ಕೋಲು ತಿರುಗಿಸುತ್ತಿದ್ದ. ರಾಮನಗರದವನು, ಅವನ ತಾಯಿ ಗೂಡು ಬಿಚ್ಚಿ ನೂಲು ತೆಗೆದವಳು. ಡಬ್ಬಿ ತೆರೆದು ತೋರಿಸಿದೊಡನೆ ಅವನ ಕೈ ನಿಂತಿತು.

“ಔಷಧಿ ತಾಗಿದೆಯಲ್ಲಕ್ಕಾ ಇದಕ್ಕೆ.”

“ಸೊಪ್ಪಿಗೆ ನಾನು ಹನಿ ಔಷಧಿ ಹೊಡ್ದಿಲ್ಲ ಕಣಣ್ಣಾ.”

ಇನಾಯತ್ ಮೂಲೆಯ ನೀಲಿ ಕ್ಯಾನಿನ ಕಡೆ ನೋಡಿದ. ಕ್ಯಾನಿನ ಮೇಲೆ ಕಾಲು ಮೇಲಾಗಿ ಬಿದ್ದ ಜಿರಳೆಯ ಚಿತ್ರ. “ಪ್ಲೈವುಡ್ ಅಂದ್ರೆ ಅಂಟಿಗೆ ಕೀಟನಾಶಕ ಬೆರೆಸ್ಲೇಬೇಕಕ್ಕಾ. ಇಲ್ದಿದ್ರೆ ಗೆದ್ದಲು ತಿಂತದೆ, ಸರ್ಕಾರದ ಮುದ್ರೆ ಸಿಗಲ್ಲ. ಇಪ್ಪತ್ತೆಂಟು ವರ್ಷದಿಂದ ಬೆರೆಸ್ತಾ ಇದೀನಿ. ಇದಕ್ಕೂ ಬೆರೆಸ್ದೆ.”

“ಹುಳದ ಮನೆಗೆ ಅಂತ ಗೊತ್ತಿರ್ಲಿಲ್ವಾ?”

“ನನಗೆ ಬರೋ ಚೀಟಿಲಿ ಅಳತೆ ಮಾತ್ರ ಇರ್ತದೆ. ಎಲ್ಲಿಗೆ ಅಂತ ಯಾರು ಹೇಳ್ತಾರೆ?” ಅವನು ಒಂದು ಹಳೆಯ ಉಸಿರುಹಲಗೆ ತೆಗೆದು ಬಗ್ಗಿಸಿದ. ಬಗ್ಗುವ ಕಡೆ ಪದರಗಳ ನಡುವಿನಿಂದ ಹಿಟ್ಟಿನಂಥ ಪುಡಿ ಉದುರಿತು. “ಬೇರೆ ಪ್ಲೈವುಡ್ಡು ಹಾಕಿದ ಕಡೆ ನಿಂತಿರ್ತದೆ, ಔಷಧಿ ಒಳಗೇ ಇರ್ತದೆ. ಇದು ದಿನಕ್ಕೆ ನಲವತ್ತು ಸಲ ಬಗ್ಗಿ ಏಳ್ತದೆ. ಅಂಟು ನುರೀತದೆ.”

ತಿಮ್ಮಾಜಮ್ಮನಿಗೆ ಮೊದಲು ನಗು ಬಂತು. ಹುಳ ಸಾಕುವ ಮನೆಗೆ ಹುಳ ಕೊಲ್ಲುವ ಹಲಗೆ! ಹದಿನೈದು ಜನ, ಅವರ ಹೆಸರಿನ ಹಿಂದೆ ಮುಂದೆ ಅಷ್ಟುದ್ದ ಅಕ್ಷರಗಳು, ರೇಷ್ಮೆಹುಳವೂ ಒಂದು ಹುಳ ಅನ್ನುವುದು ಒಬ್ಬನ ತಲೆಗೂ ಹೊಳೆದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಥೂ, ಇವರ ಓದಿಗೆ ಬೆಂಕಿ ಬೀಳ! ಆಮೇಲೆ ಅವಳಿಗೆ ಇರುವೆ ನೆನಪಾಯಿತು. ಇವರಿಗಾದರೂ ಹುಳ ಗೊತ್ತಿಲ್ಲ. ತನಗೆ ಗೊತ್ತಿರಲಿಲ್ಲವೇ?

ತಿಂಗಳ ಕೊನೆಗೆ ಪರಿಶೀಲನಾ ಸಭೆ. ಅಂದು ಒಪ್ಪಿಗೆ ಬಿದ್ದರೆ ತಾಲ್ಲೂಕಿನ ಅಷ್ಟೂ ಹುಳದ ಮನೆಗೆ ಈ ಹಲಗೆ ಬರುತ್ತದೆ, ಅವಳ ಸಹಿಯ ಬಲದ ಮೇಲೆ. ಬಾಯಿಮಾತನ್ನು ಅಲ್ಲಿ ಯಾರೂ ನಂಬುವುದಿಲ್ಲ. ಅವರ ಕಣ್ಣೆದುರೇ ಹುಳ ಸಾಯಬೇಕು. ಅದಕ್ಕೆ ಗಟ್ಟಿಮುಟ್ಟಾದ ಹುಳ ಬೇಕು. ಬೆಳೆ ಉಳಿದ ಮನೆಗಳಲ್ಲೂ ಹುಳ ಮಂಕಾಗಿದ್ದವು; ಹತ್ತು ಮನೆಯಲ್ಲಿ ಅಂಥ ಹುಳ ಇದ್ದದ್ದು ಸಾವಂದಮ್ಮನ ಹತ್ತಿರ ಮಾತ್ರ. ಅವಳು ಬೆಳೆ ಹೋದ ಮಾರನೇ ದಿನವೇ ಹಾರೆ ಹಾಕಿ ಹಲಗೆ ಕಿತ್ತು ತಿಪ್ಪೆಗೆಸೆದು, ಗೋಡೆಗೆ ಬ್ಲೀಚಿಂಗ್ ಹೊಡೆದು, ಹೊಸ ಮರಿ ತಂದು ಸಾಕಿದ್ದಳು.

ತಿಮ್ಮಾಜಮ್ಮ ಅವಳ ಬಾಗಿಲಿಗೆ ಹೋಗಿ ಅಂಗಳದಲ್ಲೇ ನಿಂತಳು. ಇನಾಯತ್ ಹೇಳಿದ್ದನ್ನೆಲ್ಲ ಹೇಳಿದಳು. ಸಾವಂದಮ್ಮ ಸೊಪ್ಪು ಕತ್ತರಿಸುತ್ತಲೇ ಕೇಳಿದಳು.

“ಹಲಗೆ ಕೆಳಗೆ ಇರುವೆ ಸತ್ತು ಬಿದ್ದಿದ್ವು. ಗುಡಿಸಿ ಗುಡಿಸಿ ಸಾಕಾಗಿತ್ತು ನಂಗೆ,” ಅಂದಳು ಕೊನೆಗೆ. “ಅದನ್ನೇ ತೋರಿಸ್ಬೇಕು ಅಂತ ಅವತ್ತು ಕರ್ದಿದ್ದು.”

ತಿಮ್ಮಾಜಮ್ಮ, “ಒಂದು ತಟ್ಟೆ ಹುಳ ಕೊಡವ್ವ,” ಅಂದಳಷ್ಟೆ.

“ಸಾಯ್ಸೋಕೆ.”

“ಹೂಂ. ಸಾಯ್ಸೋಕೆ.”

ಸಾವಂದಮ್ಮ ಮಚ್ಚು ಕೆಳಗಿಟ್ಟಳು. “ನಾನು ಸಾಕಿದ ಹುಳ, ನಿನ್ನ ಕೈಗೆ ಕೊಡಲ್ಲ. ನಾನೇ ತರ್ತೀನಿ.”

ಸಭೆಯ ದಿನ ಅಧ್ಯಕ್ಷತೆಗೆ ಸರ್ಕಾರದಿಂದ ಒಬ್ಬ ಮೇಡಂ ಬಂದಿದ್ದರು. ನಿರಂಜನಮೂರ್ತಿ ಪರದೆಯ ಮೇಲೆ ಹಲಗೆ ತೆರೆದು ಮುಚ್ಚುವುದನ್ನು ತೋರಿಸುತ್ತಿದ್ದಾಗ ಇಬ್ಬರು ಹೆಂಗಸರು ಹುಳದ ತಟ್ಟೆ ಹಿಡಿದು ನೇರ ಮೇಜಿಗೆ ಬಂದರು. ತಿಮ್ಮಾಜಮ್ಮ ಬಿಳಿ ಕಾಗದದ ಮೇಲೆ ಹಲಗೆಯೊಂದನ್ನು ನಾಲ್ಕು ಸಲ ಬಗ್ಗಿಸಿದಳು. ಉದುರಿದ ಪುಡಿಯನ್ನು ಅರ್ಧ ತಟ್ಟೆಯ ಸೊಪ್ಪಿಗೆ ತಾಗಿಸಿದಳು. ಉಳಿದರ್ಧ ಹಾಗೇ ಬಿಟ್ಟಳು.

“ಇದೇನಿದು? ಯಾರು ಇವರನ್ನ ಒಳಗೆ ಬಿಟ್ಟಿದ್ದು?” ನಿರಂಜನಮೂರ್ತಿ ಕೂಗಿದರು.

“ನಿಯಮದಲ್ಲಿ ಒಬ್ಬರು ರೈತರು ಇರ್ಬೇಕು ಅಂತ ಅದೆಯಲ್ಲ ಸಾರ್. ಇಬ್ಬರು ಬಂದಿದ್ದೀವಿ,” ಅಂದಳು ತಿಮ್ಮಾಜಮ್ಮ. “ಅಂಟಿನಲ್ಲಿ ಕೀಟ ಕೊಲ್ಲೋ ಔಷಧಿ ಅದೆ. ನೀವು ಮಾತಾಡ್ತಾ ಇರಿ. ಅರ್ಧ ಗಂಟೇಲಿ ಹುಳವೇ ಹೇಳ್ತವೆ.”

ಮೇಡಂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ಔಷಧಿ ಇದೆಯೇ ಡಾಕ್ಟರೇ?”

“ಮಾನದಂಡದ ಪ್ರಕಾರ ಇದೆ ಮೇಡಂ. ಆದರೆ ಅದರಿಂದಲೇ ಅನ್ನುವುದಕ್ಕೆ ಆಧಾರವಿಲ್ಲ.” ಅವರು ಫೈಲು ಬಿಡಿಸಿದರು. “ಮೊದಲು ಬೆಳೆ ಹೋದದ್ದು ಸಾವಂದಮ್ಮ ಎಂಬವರದು. ಇದೇ ತಿಮ್ಮಾಜಮ್ಮನವರ ಸ್ವಂತ ವರದಿ ಓದುತ್ತೇನೆ. ‘ಸಾವಂದಮ್ಮ ಕೈಕಾಲು ತೊಳೆಯದೆ, ಹೊರಗಾದಾಗಲೂ ಹುಳದ ಮನೆಗೆ ಹೋಗುತ್ತಾಳೆ. ಹುಳ ಸತ್ತಿದ್ದು ಅವಳ ಕೊಳಕಿನಿಂದ. ಹಲಗೆಯ ತಪ್ಪೇನೂ ಇಲ್ಲ.’ ಸಹಿ ಇದೆ.”

ಸಾವಂದಮ್ಮ ತಟ್ಟೆಯ ಅಂಚು ಹಿಡಿದುಕೊಂಡೇ ನಿಂತಿದ್ದಳು. ತಿಮ್ಮಾಜಮ್ಮ ಡೇರಿಯ ಮುಂದೆ ಆಡಿದ್ದನ್ನು ಬರೆದು ಬೆಂಗಳೂರಿಗೂ ಕಳಿಸಿದ್ದಾಳೆ ಅಂತ ಅವಳಿಗೆ ಗೊತ್ತಾದದ್ದು ಆಗಲೇ.

ತಿಮ್ಮಾಜಮ್ಮನಿಗೆ ಜಾರಿಕೊಳ್ಳಲು ದಾರಿ ಇತ್ತು. ಯಾರೋ ಹೇಳಿದ್ದು ಬರೆದೆ ಅನ್ನಬಹುದಿತ್ತು. ವರದಿ ನಿಜ, ಆದರೂ ಹಲಗೆ ಕೆಟ್ಟದ್ದು ಅನ್ನಬಹುದಿತ್ತು. ತಾನು ಬರೆದದ್ದೇ ಸುಳ್ಳು ಅಂದರೆ ಅವಳ ಯಾವ ಮಾತಿಗೂ ಬೆಲೆ ಉಳಿಯುವುದಿಲ್ಲ. ಮೂವತ್ತೆರಡು ವರ್ಷದ ಹೆಸರು ಅಲ್ಲಿಗೆ ಮುಗಿಯಿತು.

“ಅದು ಸುಳ್ಳು,” ಅಂದಳು. “ನಾನು ಅವಳ ಮನೆಗೆ ಹೋಗ್ಲೇ ಇಲ್ಲ. ಕರೆದಿದ್ಲು. ಹಲಗೆಗೆ ಸೈನ್ ಹಾಕ್ಬುಟ್ಟಿದ್ದೆ, ಅದಕ್ಕೆ ಅವಳೇ ಕೊಳಕಿ ಅಂದೆ. ಹಲಗೆ ಪರೀಕ್ಷೆ ಮಾಡಿದ್ದೀನಿ ಅಂತ ಹಾಕಿದ ಸೈನೂ ಸುಳ್ಳೇ. ನೀವು ಹುಳ ನೋಡ್ದೆ ಹಲಗೆ ಮಾಡಿದ್ರಿ, ನಾನು ಹುಳ ನೋಡ್ದೆ ಅವಳ ಮಾನ ತೆಗೆದೆ. ನಂಬ್ಬೇಡಿ ನನ್ನ. ಅದೋ, ಅವನ್ನ ನಂಬಿ.”

ಎಲ್ಲರೂ ಬಗ್ಗಿ ನೋಡಿದರು. ಪುಡಿ ತಾಗಿದ ಕಡೆಯ ಹುಳಗಳು ಸೊಪ್ಪು ಬಿಟ್ಟು ತಲೆಯೆತ್ತಿದ್ದವು. ಒಂದೊಂದೇ ಅತ್ತಿಂದಿತ್ತ ಆಡತೊಡಗಿ, ಹಸಿರು ಕಾರಿದವು. ಇತ್ತ ಕಡೆಯವು ಏನೂ ಆಗಿಲ್ಲವೆಂಬಂತೆ ಎಲೆಯ ಅಂಚು ಕೊರೆಯುತ್ತಿದ್ದವು. ಸಾವಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸಭೆಯಲ್ಲಿ ಅವುಗಳಿಗಾಗಿ ಅತ್ತವಳು ಅವಳೊಬ್ಬಳೇ.

“ರೇಷ್ಮೆಹುಳವೂ ಕೀಟವೇ ಅಲ್ಲವೇ ಡಾಕ್ಟರೇ?” ಮೇಡಂ ಕೇಳಿದರು.

“ತಾಂತ್ರಿಕವಾಗಿ… ಹೌದು ಮೇಡಂ.”

“ಔಷಧಿ ತೆಗೆದು ಮಾಡಿ. ಮೊದಲು ಹುಳ ಇಟ್ಟು ನೋಡಿ. ಅಲ್ಲಿಯವರೆಗೆ ಕಡ್ಡಾಯ ಗಿಡ್ಡಾಯ ಏನೂ ಇಲ್ಲ.”

“ಔಷಧಿ ಇಲ್ಲದಿದ್ದರೆ ಎರಡು ವರ್ಷಕ್ಕೆ ಗೆದ್ದಲು ತಿನ್ನುತ್ತದೆ!”

“ತಿನ್ಲಿ ಬುಡಿ ಸಾರ್,” ಅಂದಳು ತಿಮ್ಮಾಜಮ್ಮ. “ಹಲಗೆ ತಾನೇ.”

ಗಂಟೆಯೊಳಗೆ ಸಭೆಯ ನಡಾವಳಿ ಟೈಪಾಗಿ ಬಂತು. ನಿರಂಜನಮೂರ್ತಿ ಅಷ್ಟರಲ್ಲೇ ಚೇತರಿಸಿಕೊಂಡಿದ್ದರು. ಅಂಟು, ಔಷಧಿ, ಇನ್ನೊಂದು, ಯಾವುದರ ಹೆಸರೂ ಅದರಲ್ಲಿರಲಿಲ್ಲ. ‘ಬಳಕೆದಾರರ ಪ್ರತಿನಿಧಿಯ ತಪ್ಪು ವರದಿಯಿಂದಾಗಿ ದೋಷದ ಪತ್ತೆ ವಿಳಂಬವಾಯಿತು’ ಎಂದಿತ್ತು. ಎಂಥ ನಾಚಿಕೆಗೆಟ್ಟ ಜನ! ತಮ್ಮ ಕೈಯ ರಕ್ತ ಒರೆಸಿಕೊಳ್ಳಲು ಅವಳ ಸೆರಗೇ ಬೇಕಾಯಿತು. ಆದರೆ ಬರೆದದ್ದು ಸುಳ್ಳಲ್ಲ. ತಿಮ್ಮಾಜಮ್ಮ ಈ ಸಲ ಪೂರ್ತಿ ಓದಿದಳು, ಎರಡು ಸಲ ಓದಿದಳು, ಸಹಿ ಹಾಕಿದಳು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಉಳಿದರ್ಧ ತಟ್ಟೆ ಹುಳಕ್ಕೆ ಬಟ್ಟೆ ಮುಚ್ಚಿ ಸಾವಂದಮ್ಮ ತೊಡೆಯ ಮೇಲಿಟ್ಟುಕೊಂಡಿದ್ದಳು. ಕನಕಪುರ ದಾಟಿದ ಮೇಲೆ ತಿಮ್ಮಾಜಮ್ಮನೇ, “ಎಲ್ಲರ ಮುಂದೆ ಹೇಳ್ದೆನಲ್ಲವ್ವಾ,” ಅಂದಳು.

“ಯಾರ್ ಮುಂದೆ?” ಸಾವಂದಮ್ಮ ಕಿಟಕಿಯಾಚೆ ನೋಡುತ್ತಲೇ ಕೇಳಿದಳು. “ಆ ಜನ ನಂಗೇನಾಗ್ಬೇಕು? ನಾಳೆ ಅವರು ನಂಗೆ ಎದುರಾಗ್ತಾರಾ? ನನ್ನ ನೋಡಿ ಕಿಸಕ್ ಅಂತಾರಾ? ನೀನು ನನ್ನ ಮಾನ ತೆಗ್ದಿದ್ದು ಡೇರಿ ಮುಂದೆ.”

ಸರ್ಕಾರದ ಮೇಡಂ ಎದುರು ತಪ್ಪೊಪ್ಪಿಕೊಂಡದ್ದು ಇದಕ್ಕಿಂತ ಸುಲಭವಾಗಿತ್ತು. ಡೇರಿಯ ಮುಂದೆ ತಿಮ್ಮಾಜಮ್ಮ ಯಾವತ್ತೂ ಯಾರಿಗೂ ತಗ್ಗಿದವಳಲ್ಲ. ಅಲ್ಲಿ ನಿಂತವರೆಲ್ಲ ಅವಳು ತಗ್ಗುವುದನ್ನು ನೋಡಲು ಮೂವತ್ತೆರಡು ವರ್ಷದಿಂದ ಕಾದವರು.

“ಎಷ್ಟೊತ್ಗೆ ಬರ್ತೀಯ ನಾಳೆ ಡೇರಿಗೆ?” ಅಂದಳು.

“ಆರೂವರೆಗೆ,” ಅಂದಳು ಸಾವಂದಮ್ಮ. “ಆಗ ಎಲ್ಲರೂ ಇರ್ತಾರೆ.”